ಬೀಡಿ ಕಟ್ಟಿದ ಕೈಗೆ ಜಡ್ಜ್ ಕುರ್ಚಿ, ಅದೂ ವೋಟಿನಿಂದ!

ನಾನಿರೋ ಜೋಗೇಶ್ವರಿಗೆ ದಿಂಡೋಶಿ ಸೆಷನ್ಸ್ ಕೋರ್ಟ್ ಹತ್ತಿರ. ಅಲ್ಲಿನ ಜಡ್ಜ್ ಯಾರಾಗಬೇಕು ಅಂತ ನಾವು ವೋಟ್ ಹಾಕಲ್ಲ. ಸಂವಿಧಾನದ 233ನೇ ವಿಧಿಯಂತೆ ಹೈಕೋರ್ಟ್ ಜೊತೆ ಸಮಾಲೋಚಿಸಿ ರಾಜ್ಯಪಾಲರು ನೇಮಿಸುತ್ತಾರೆ.

ಟೆಕ್ಸಸ್‌ನಲ್ಲಿ ಹಾಗಲ್ಲ. ವಿಚಾರಣಾ ಕೋರ್ಟಿನ ಜಡ್ಜ್ ಕೂಡ ಪಕ್ಷದ ಟಿಕೆಟ್ ಮೇಲೆ ಗೆಲ್ಲಬೇಕು. ಅವಧಿ 4 ವರ್ಷ.

ನಮ್ಮ ಗಡಿಯ ಕಾಸರಗೋಡು ಜಿಲ್ಲೆಯ ಸುರೇಂದ್ರನ್ ಪಟ್ಟೇಲ್ ಅವರನ್ನೇ ನೋಡಿ. ಹತ್ತನೇ ಕ್ಲಾಸಿಗೆ ಓದು ಬಿಟ್ಟು ಬೀಡಿ ಕಟ್ಟಿದರು. ಮತ್ತೆ ಓದಿ, ಕ್ಯಾಲಿಕಟ್‌ನಲ್ಲಿ ಲಾ ಮುಗಿಸಿ ವಕೀಲರಾದರು. ಹೆಂಡತಿ ನರ್ಸ್, ಅವರ ಕೆಲಸದಿಂದಾಗಿ 2007ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿ ಮತ್ತೆ ಬಾರ್ ಪರೀಕ್ಷೆ, ಹ್ಯೂಸ್ಟನ್‌ನಲ್ಲಿ ಮತ್ತೆ ಕಾಲೇಜು. 2022ರ ನವೆಂಬರ್‌ನಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಗೆದ್ದು, 2023ರ ಜನವರಿಯಲ್ಲಿ ಫೋರ್ಟ್ ಬೆಂಡ್ ಕೌಂಟಿಯ 240ನೇ ಜಿಲ್ಲಾ ಕೋರ್ಟಿನ ಜಡ್ಜ್ ಆದರು. ಪ್ರಚಾರದಲ್ಲಿ ಅವರ ಇಂಗ್ಲಿಷ್ ಉಚ್ಚಾರಣೆಯನ್ನೂ ಆಡಿಕೊಂಡರಂತೆ. ಆಫೀಸ್ ಕಾಲ್‌ನಲ್ಲಿ ನಮಗೂ ಗೊತ್ತಿರೋ ನೋವು ಇದು.

ಖುಷಿ ಸರಿ, ಆದರೆ ಪ್ರಶ್ನೆ ಉಳಿಯುತ್ತೆ. ಇವತ್ತು ವೋಟ್ ಕೇಳಿದವರ ಕೇಸೇ ನಾಳೆ ಮುಂದೆ ಬಂದರೆ? ನಮ್ಮ ಪದ್ಧತಿಯಲ್ಲಿ ಆ ಹಂಗಿಲ್ಲ. ಆದರೆ ಹೊರಗಿಂದ ಬಂದವನನ್ನ ಊರೇ ಆರಿಸಿತು ಅನ್ನೋ ಹೆಮ್ಮೆಯೂ ಇಲ್ಲ. ನಿಮಗೆ ಯಾವುದು ಬೇಕು? ಯೋಚನೆ ಮಾಡಿ.