ಮೂರನೆಯ ವೈರು

"ಟೀಚರೇ, ನಮ್ಮ ಗ್ರೈಂಡರು ಮುಟ್ಟಿದರೆ ಜುಮ್ ಅಂತದೆ."

ಕಲಿಕಾ ಕೇಂದ್ರದಲ್ಲಿ ಒಂದು ಸಂಜೆ ಒಬ್ಬ ಅಕ್ಕ ಹೀಗೆ ಅಂದರು. ಪಕ್ಕದಲ್ಲಿ ಕೂತವರು ನಕ್ಕರು. "ನಮ್ಮದೂ ಹಂಗೇ. ನಾನು ಚಪ್ಪಲಿ ಹಾಕ್ಕೊಂಡು ರುಬ್ತೀನಿ" ಅಂದರು. ಇನ್ನೊಬ್ಬರು, "ನಾನು ಮಣೆ ಮೇಲೆ ನಿಂತ್ಕೋತೀನಿ" ಅಂದರು.

ನನಗೆ ನಗು ಬರಲಿಲ್ಲ. ನಮ್ಮ ಮನೆಯಲ್ಲೂ ಎರಡು ವರ್ಷ ಹೀಗೇ ನಡೆದಿತ್ತು. ನಾನು ಶಾಲೆಯಲ್ಲಿ ಪಾಠ ಹೇಳುವವಳು. ಆದರೂ ಸುಮ್ಮನಿದ್ದೆ.

ಜುಮ್ ಅನ್ನುವುದು ಗ್ರೈಂಡರಿನ ಗುಣ ಅಲ್ಲ. ಒಳಗೆ ಇರಬೇಕಾದ ಕರೆಂಟು ಹೊರಗಿನ ತಗಡಿಗೆ ಬಂದಿದೆ ಅಂತ ಅರ್ಥ. ಇವತ್ತು ಕೈ ಒಣಗಿದೆ, ಜುಮ್ ಅಂದಿತು. ನಾಳೆ ಕೈ ಒದ್ದೆ ಇರುತ್ತದೆ, ಕಾಲ ಕೆಳಗೆ ನೀರು ಇರುತ್ತದೆ. ಆಗ ಜುಮ್ ಅಂದು ಬಿಡುವುದಿಲ್ಲ. ಹಿಡಿದುಕೊಳ್ಳುತ್ತದೆ.

ಸುಗ್ಗಿ ಮುಗಿದ ಮೇಲೆ, ಯುಗಾದಿ ಹತ್ತಿರ ಬರುವಾಗ ನಾವು ಮನೆ ರಿಪೇರಿಗೆ ಕೈ ಹಾಕುತ್ತೇವೆ. ಹೆಂಚು ತೆಗೆದು ಶೀಟು ಹಾಕಿಸುತ್ತೇವೆ. ಗೋಡೆಗೆ ಬಣ್ಣ, ನೆಲಕ್ಕೆ ಟೈಲ್ಸು. ಹಿಂದೆ ಒಂದು ಬಚ್ಚಲುಮನೆ. ವೈರು ಮಾತ್ರ ಹಳೆಯದೇ. "ಲೈಟು ಹತ್ತುತ್ತಾ ಇದೆಯಲ್ಲ, ಇರಲಿ ಬಿಡು" ಅನ್ನುತ್ತೇವೆ. ನೆಲ ಅಗೆದಿರುವಾಗ, ಗೋಡೆ ಕೆತ್ತಿರುವಾಗಲೇ ವೈರಿನ ಕೆಲಸ ಸುಲಭ. ಟೈಲ್ಸು ಹಾಕಿದ ಮೇಲೆ ಯಾರು ಅಗೆಯುತ್ತಾರೆ?

ನಮ್ಮ ಊರುಗಳ ಹಳೆಯ ವೈರಿಂಗ್ ಹೇಗೆ ಬಂತು ಅಂತ ಮೊದಲು ನೋಡೋಣ. 1979-80ರಲ್ಲಿ ಕರ್ನಾಟಕ ಸರ್ಕಾರ ಭಾಗ್ಯಜ್ಯೋತಿ ಯೋಜನೆ ತಂದಿತು. ಬಡವರ ಮನೆಗೆ ಒಂದು ಬಲ್ಬು. ಸೀಮೆಎಣ್ಣೆ ಬುಡ್ಡಿ ಹೋಗಿ ಬೆಳಕು ಬಂತು. ಅದು ದೊಡ್ಡ ಉಪಕಾರವೇ. ಆದರೆ ಆ ವೈರು ಬಂದದ್ದು ಒಂದು ಬಲ್ಬಿಗಾಗಿ. ಬಲ್ಬಿಗೆ ಎರಡು ವೈರು ಸಾಕು. ಆಮೇಲೆ ಅದೇ ವೈರಿಗೆ ಟಿವಿ ಸೇರಿತು. ಇಸ್ತ್ರಿಪೆಟ್ಟಿಗೆ ಸೇರಿತು. ಮಿಕ್ಸಿ, ಗ್ರೈಂಡರು, ಫ್ರಿಜ್ಜು, ನೀರು ಕಾಯಿಸುವ ಕಾಯಿಲ್ ಎಲ್ಲಾ ಸೇರಿದವು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಿಲ್ಲಿನ ಚಿಂತೆಯೂ ಕಡಿಮೆಯಾಯಿತು. ಇನ್ನೂ ಎರಡು ಸಾಮಾನು ಬಂದವು. ವೈರು ಮಾತ್ರ ಅದೇ ಎರಡು. ಮೂರನೆಯದು ಬರಲೇ ಇಲ್ಲ.

ಏನದು ಮೂರನೆಯ ವೈರು?

ಒಂದು ವೈರಿನಲ್ಲಿ ಕರೆಂಟು ಮನೆಗೆ ಬರುತ್ತದೆ. ಅದನ್ನು ಫೇಸ್ ಅನ್ನುತ್ತಾರೆ. ಹಳೆಯ ಮನೆಗಳಲ್ಲಿ ಸಾಮಾನ್ಯವಾಗಿ ಕೆಂಪು ಬಣ್ಣ. ಇನ್ನೊಂದರಲ್ಲಿ ಕರೆಂಟು ವಾಪಸ್ ಹೋಗುತ್ತದೆ. ಅದು ನ್ಯೂಟ್ರಲ್. ಕಪ್ಪು ಬಣ್ಣ. ಮೂರನೆಯದು ಹಸಿರು. ಅದೇ ಅರ್ಥ್ ವೈರು. ಅದರಲ್ಲಿ ದಿನಾ ಏನೂ ಹರಿಯುವುದಿಲ್ಲ. ಅದಕ್ಕೇ ಅದು ದಂಡ ಅಂತ ಬಿಟ್ಟುಬಿಡುತ್ತಾರೆ.

ನಮ್ಮ ಕೆರೆಗಳನ್ನು ನೆನೆಸಿಕೊಳ್ಳಿ. ಕೆರೆಗೆ ತೂಬು ಇದೆ, ಕೋಡಿಯೂ ಇದೆ. ದಿನಾ ನೀರು ಹೋಗುವುದು ತೂಬಿನಲ್ಲಿ. ಕೋಡಿ ಒಣಗಿಯೇ ಇರುತ್ತದೆ. ಆದರೆ ಕೆರೆ ತುಂಬಿದ ದಿನ ಕೋಡಿ ಇಲ್ಲದಿದ್ದರೆ ಏರಿಯೇ ಒಡೆದುಹೋಗುತ್ತದೆ. ಅರ್ಥ್ ವೈರು ಮನೆಯ ಕೋಡಿ ಇದ್ದ ಹಾಗೆ. ಗ್ರೈಂಡರಿನ ತಗಡಿಗೆ ಕರೆಂಟು ಬಂದ ದಿನ ಅದು ಈ ದಾರಿಯಲ್ಲಿ ಭೂಮಿಗೆ ಇಳಿದುಹೋಗಬೇಕು. ಈ ದಾರಿ ಇಲ್ಲದಿದ್ದರೆ ಕರೆಂಟು ಇನ್ನೊಂದು ದಾರಿ ಹುಡುಕುತ್ತದೆ. ಆ ದಾರಿ ನೀವು. ಕೈಯಿಂದ ಎದೆಗೆ, ಎದೆಯಿಂದ ಕಾಲಿಗೆ, ಕಾಲಿನಿಂದ ನೆಲಕ್ಕೆ.

ಮೂರು ಪಿನ್ನಿನ ಪ್ಲಗ್ಗನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಒಂದು ಪಿನ್ನು ದಪ್ಪ. ಉದ್ದವೂ ಸ್ವಲ್ಪ ಹೆಚ್ಚು. ಅದೇ ಅರ್ಥ್ ಪಿನ್ನು. ಉದ್ದ ಯಾಕೆ ಗೊತ್ತಾ? ಪ್ಲಗ್ಗು ಹಾಕುವಾಗ ಅದು ಮೊದಲು ತಾಗಬೇಕು. ಕೀಳುವಾಗ ಕಡೆಗೆ ಬಿಡಬೇಕು. ಕರೆಂಟು ಬರುವ ಮೊದಲೇ ಕಾವಲು ಇರಲಿ ಅಂತ. ನಾವು ಏನು ಮಾಡುತ್ತೇವೆ? ಪ್ಲಗ್ಗು ಒಡೆದರೆ ವೈರಿನ ತುದಿ ಸುಲಿದು, ಬೆಂಕಿಕಡ್ಡಿ ಸಿಕ್ಕಿಸಿ, ಎರಡು ತೂತಿಗೆ ತುರುಕುತ್ತೇವೆ. ಹಸಿರು ವೈರನ್ನು ಕತ್ತರಿಸಿ ಬಿಸಾಡುತ್ತೇವೆ. ದಯವಿಟ್ಟು ಹೀಗೆ ಮಾಡಬೇಡಿ. ಮೊಬೈಲ್ ಚಾರ್ಜರಿಗೆ ಎರಡೇ ಪಿನ್ನು ಇರುತ್ತದೆ, ಅದು ಸರಿ. ಅದರ ಮೈಯೆಲ್ಲಾ ಪ್ಲಾಸ್ಟಿಕ್ಕು. ತಗಡಿನ ಮೈ ಇರುವ ಸಾಮಾನಿಗೆ ಮೂರು ಪಿನ್ನು ಬಂದಿದ್ದರೆ ಮೂರೂ ಬೇಕು.

ಈಗ ನಮ್ಮ ಮನೆಯ ಕತೆ ಹೇಳುತ್ತೇನೆ. ನಮ್ಮಲ್ಲಿ ಮೂರು ತೂತಿನ ಪ್ಲಗ್ ಪಾಯಿಂಟೇ ಇತ್ತು. ಬೋರ್ಡಿನಲ್ಲಿ ಹಸಿರು ವೈರೂ ಇತ್ತು. ಹಾಗಾಗಿ ಎಲ್ಲಾ ಸರಿ ಇದೆ ಅಂದುಕೊಂಡಿದ್ದೆವು. ಹೆಂಚು ಬದಲಾಯಿಸುವ ದಿನ ಅಟ್ಟ ಹತ್ತಿ ನೋಡಿದರೆ, ಹಸಿರು ವೈರಿನ ಇನ್ನೊಂದು ತುದಿ ಧೂಳಿನಲ್ಲಿ ಸುಮ್ಮನೆ ಬಿದ್ದಿತ್ತು. ಯಾವುದಕ್ಕೂ ಕಟ್ಟಿರಲಿಲ್ಲ. ವೈರಿಂಗ್ ಮಾಡಿದವರು ದುಡ್ಡು ತೆಗೆದುಕೊಂಡು ಹೋಗಿದ್ದರು. ನಾವೂ ಕೇಳಿರಲಿಲ್ಲ. ನಮಗೆ ಕೇಳುವುದು ಏನು ಅಂತ ಗೊತ್ತಿರಲಿಲ್ಲ.

ಏನು ಕೇಳಬೇಕು? ಒಂದೇ ಮಾತು. "ಅರ್ಥ್ ಗುಂಡಿ ಎಲ್ಲಿದೆ, ತೋರಿಸಿ." ಯಾರೂ ತೋರಿಸದಿದ್ದರೆ ನಿಮ್ಮ ಮನೆಗೆ ಅರ್ಥ್ ಇಲ್ಲ ಅಂತಲೇ ತಿಳಿಯಿರಿ.

ಅರ್ಥ್ ಗುಂಡಿಯನ್ನು ಮನೆಯ ಗೋಡೆಯಿಂದ ಐದು ಅಡಿ ದೂರ ತೋಡಬೇಕು. ಸುಮಾರು ಎಂಟು ಅಡಿ ಉದ್ದದ ಜಿಐ ಪೈಪು ನೆಲದೊಳಗೆ ಹೋಗಬೇಕು. ಪೈಪಿನ ಸುತ್ತ ಇದ್ದಿಲು ಮತ್ತು ಉಪ್ಪು ತುಂಬುತ್ತಾರೆ. ಇದ್ದಿಲು ತೇವ ಹಿಡಿದಿಡುತ್ತದೆ. ಉಪ್ಪು ಬೆರೆತ ತೇವದಲ್ಲಿ ಕರೆಂಟು ಸಲೀಸಾಗಿ ಇಳಿಯುತ್ತದೆ. ಪೈಪಿನಿಂದ ವೈರು ಮೇನ್ ಬೋರ್ಡಿಗೆ ಬರಬೇಕು. ಅಲ್ಲಿಂದ ಪ್ರತಿಯೊಂದು ಪ್ಲಗ್ ಪಾಯಿಂಟಿಗೂ ಹೋಗಬೇಕು. ಗುಂಡಿ ತೋಡುವುದು, ಇದ್ದಿಲು ತರುವುದು, ಉಪ್ಪು ತರುವುದು ಮನೆಯವರೇ ಮಾಡಬಹುದು. ಕೂಲಿ ಉಳಿಯುತ್ತದೆ. ವೈರು ಕಟ್ಟುವುದು ಮಾತ್ರ ತಿಳಿದವರ ಕೆಲಸ. ಕೆಲವರು ನೀರಿನ ನಲ್ಲಿಗೆ ಅರ್ಥ್ ಕಟ್ಟಿ ಹೋಗುತ್ತಾರೆ. ಒಪ್ಪಬೇಡಿ. ಈಗ ನಲ್ಲಿಯ ಹಿಂದೆ ಇರುವುದು ಪ್ಲಾಸ್ಟಿಕ್ ಪೈಪು. ಕರೆಂಟು ಭೂಮಿಗೆ ಹೋಗುವುದಿಲ್ಲ, ನಲ್ಲಿಯಲ್ಲೇ ಕಾದು ಕೂರುತ್ತದೆ.

ಗುಂಡಿ ಮಾಡಿಸಿದರೆ ಮುಗಿಯಲಿಲ್ಲ. ಅದಕ್ಕೆ ನೀರು ಹಾಕಬೇಕು. ಚನ್ನರಾಯಪಟ್ಟಣದ ಕಡೆ ಮಳೆ ಕಡಿಮೆ. ಬೇಸಗೆಯಲ್ಲಿ ನೆಲ ಒಣಗಿ ಬಿರುಕು ಬಿಡುತ್ತದೆ. ಒಣಗಿದ ಗುಂಡಿಯಲ್ಲಿ ಕರೆಂಟು ಇಳಿಯುವುದಿಲ್ಲ. ತೆಂಗಿನ ಗಿಡಕ್ಕೆ ಹಾಕುವಾಗ ಇದಕ್ಕೂ ಒಂದೆರಡು ಬಿಂದಿಗೆ ಹಾಕಿ. ಅರಕಲಗೂಡಿನ ಮಲ್ಲಿಪಟ್ಟಣದ ಕಡೆಯವರ ಕಷ್ಟ ಬೇರೆ. ಅಲ್ಲಿ ಗುಂಡಿ ಒಣಗುವುದಿಲ್ಲ, ಗೋಡೆಯೇ ಒಣಗುವುದಿಲ್ಲ. ಆಷಾಢ ಶ್ರಾವಣದಲ್ಲಿ ಮಣ್ಣುಗೋಡೆ ನೀರು ಕುಡಿದು ನಿಂತಿರುತ್ತದೆ. ಹಳೆಯ ವೈರಿನ ಸಿಪ್ಪೆ ಸುಲಿದಿದ್ದರೆ, ಇಲಿ ಕಡಿದಿದ್ದರೆ, ಗೋಡೆಯೇ ಜುಮ್ ಅನ್ನುತ್ತದೆ. ಹಾಗಾದರೆ ಆ ಗೋಡೆಯ ಹತ್ತಿರ ಮಕ್ಕಳನ್ನು ಬಿಡಬೇಡಿ. ಮೇನ್ ಆಫ್ ಮಾಡಿ. ವೈರು ಬದಲಾಯಿಸುವ ತನಕ ಹಾಕಬೇಡಿ.

"ನಮ್ಮಲ್ಲಿ ಫ್ಯೂಸ್ ಇದೆ, ಶಾಕ್ ಹೊಡೆದರೆ ಅದೇ ಹೋಗುತ್ತದೆ" ಅಂತ ತುಂಬಾ ಜನ ನಂಬಿದ್ದಾರೆ. ನಾನೂ ನಂಬಿದ್ದೆ. ಇದು ತಪ್ಪು. ಲೆಕ್ಕ ನೋಡಿ. ಮನೆಯ ಚಿಕ್ಕ ಫ್ಯೂಸ್ 5 ಆಂಪಿಯರಿನದು. ಒಂದು 9 ವ್ಯಾಟಿನ ಎಲ್‌ಇಡಿ ಬಲ್ಬಿನಲ್ಲಿ ಹರಿಯುವ ಕರೆಂಟು ಅದರ ನೂರರಲ್ಲಿ ಒಂದು ಪಾಲು ಕೂಡ ಇಲ್ಲ. ಅಷ್ಟು ಚೂರು ಕರೆಂಟು ಎದೆಯ ಮೂಲಕ ಹಾದರೂ ಪ್ರಾಣ ಹೋಗಬಹುದು. ಫ್ಯೂಸಿಗೆ ಅದು ಗೊತ್ತೇ ಆಗುವುದಿಲ್ಲ. ಫ್ಯೂಸ್ ಇರುವುದು ವೈರು ಸುಡದಂತೆ ಕಾಯುವುದಕ್ಕೆ. ಮನುಷ್ಯರನ್ನು ಅದು ಕಾಯುವುದಿಲ್ಲ. ಎಂಸಿಬಿ ಅನ್ನುವ ಹೊಸ ಸ್ವಿಚ್ಚೂ ಅಷ್ಟೇ.

ಮನುಷ್ಯರನ್ನು ಕಾಯುವ ಸ್ವಿಚ್ಚು ಬೇರೆ ಇದೆ. ಅದರ ಹೆಸರು ಆರ್‌ಸಿಸಿಬಿ. ಹೆಸರು ಕಷ್ಟ, ಕೆಲಸ ಸುಲಭ. ಬೆಳಿಗ್ಗೆ ಹತ್ತು ದನ ಮೇಯಲು ಹೋದವು. ಸಂಜೆ ಹತ್ತೂ ಬರಬೇಕು. ಒಂಬತ್ತು ಬಂದರೆ? ಒಂದು ಎಲ್ಲೋ ದಾರಿ ತಪ್ಪಿದೆ. ಈ ಸ್ವಿಚ್ಚು ಹೀಗೇ ಎಣಿಸುತ್ತದೆ. ಫೇಸಿನಲ್ಲಿ ಹೋದಷ್ಟು ಕರೆಂಟು ನ್ಯೂಟ್ರಲಿನಲ್ಲಿ ವಾಪಸ್ ಬಂತಾ? ಬರದಿದ್ದರೆ ಅದು ಯಾರದೋ ಮೈ ಮೂಲಕ ಅಥವಾ ತಗಡಿನ ಮೂಲಕ ನೆಲಕ್ಕೆ ಹೋಗುತ್ತಿದೆ. ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಟ್ ಮಾಡುತ್ತದೆ. ಮನೆಗೆ ಕೊಳ್ಳುವಾಗ '30' ಅಂತ ಅಂಕಿ ಇರುವುದನ್ನು ಕೇಳಿ. 30 ಮಿಲಿ ಆಂಪಿಯರ್ ಅಂದರೆ ಒಂದು ಆಂಪಿಯರಿನ ನೂರರಲ್ಲಿ ಮೂರು ಪಾಲು. ಅದರ ಮೇಲೆ ಇಂಗ್ಲಿಷಿನ 'ಟಿ' ಅಕ್ಷರದ ಚಿಕ್ಕ ಗುಂಡಿ ಇರುತ್ತದೆ. ತಿಂಗಳಿಗೆ ಒಮ್ಮೆ ಒತ್ತಿ. ಟಕ್ ಅಂತ ಬಿದ್ದರೆ ಸರಿ ಇದೆ. ಬೀಳದಿದ್ದರೆ ಬದಲಾಯಿಸಿ. ಇದು ಇದೆ ಅಂತ ಅರ್ಥ್ ಗುಂಡಿ ಬೇಡ ಅನ್ನಬೇಡಿ. ಅರ್ಥ್ ಇದ್ದರೆ ನೀವು ಮುಟ್ಟುವ ಮೊದಲೇ ಇದು ಕಟ್ ಮಾಡುತ್ತದೆ. ಇಲ್ಲದಿದ್ದರೆ ನೀವು ಮುಟ್ಟಿದ ಮೇಲೆ.

ಇದಕ್ಕೆ ದುಡ್ಡು ಬೇಕು, ನಿಜ. ಟೈಲ್ಸಿನ ದುಡ್ಡಿನಲ್ಲಿ ಸ್ವಲ್ಪ ಮುರಿದು ಇದಕ್ಕೆ ಹಾಕಿ ಅಂತ ನಾನು ಹೇಳುತ್ತೇನೆ. ಟೈಲ್ಸು ಮುಂದಿನ ವರ್ಷ ಹಾಕಿಸಬಹುದು.

ಈಗ ನಿಮಗೆ ಅಂಕಿ ಓದಲು ಬರುತ್ತದೆ. ಹಾಗಾದರೆ ಒಂದು ಲೆಕ್ಕ ಮಾಡೋಣ. ಪ್ಲಗ್ ಪಾಯಿಂಟಿನ ಮೇಲೆ 6 ಅಥವಾ 16 ಅಂತ ಬರೆದಿರುತ್ತದೆ. ಅದು ಆಂಪಿಯರ್. ಮನೆಯ ಕರೆಂಟು 230 ವೋಲ್ಟು.

6 × 230 = 1380.

ಅಂದರೆ ಚಿಕ್ಕ ಪ್ಲಗ್ಗಿನಲ್ಲಿ 1380 ವ್ಯಾಟಿಗಿಂತ ಹೆಚ್ಚು ಹಾಕಬಾರದು. ಈಗ ನೀರಿನ ಕಾಯಿಲ್ ತಂದು ಅದರ ಮೇಲಿನ ಅಂಕಿ ಓದಿ. 1500 ಇದ್ದರೆ ಅದು ಚಿಕ್ಕ ಪ್ಲಗ್ಗಿಗೆ ಆಗದು. ದೊಡ್ಡ ಪ್ಲಗ್ಗು ಬೇಕು, ಅದಕ್ಕೆ ದಪ್ಪ ವೈರು ಬೇಕು. ದೀಪಕ್ಕೆ ಒಂದು ಅಥವಾ ಒಂದೂವರೆ ಚದರ ಮಿಲಿಮೀಟರ್ ವೈರು ಸಾಕು. ದೊಡ್ಡ ಪ್ಲಗ್ಗಿಗೆ ಎರಡೂವರೆಗಿಂತ ಕಡಿಮೆ ಬೇಡ. ವೈರಿನ ಸುರುಳಿಯ ಮೇಲೆ ಐಎಸ್‌ಐ ಗುರುತು ಇದೆಯಾ ನೋಡಿ. ವೈರು ತರಲು ಹಾಸನಕ್ಕೋ ಹೊಳೆನರಸೀಪುರಕ್ಕೋ ಗಂಡಸರ ಜೊತೆ ನೀವೂ ಹೋಗಿ. ಓದಿ ತೆಗೆದುಕೊಳ್ಳಿ.

ಫ್ಯೂಸ್ ಮತ್ತೆ ಮತ್ತೆ ಹೋದರೆ ದಪ್ಪ ತಂತಿ ಕಟ್ಟಬೇಡಿ. ಫ್ಯೂಸ್ ಉಳಿಯುತ್ತದೆ, ಗೋಡೆಯೊಳಗಿನ ವೈರು ಉರಿಯುತ್ತದೆ.

ಕಾಯಿಲ್ ಬಗ್ಗೆ ಇನ್ನೊಂದು ಮಾತು. ನೀರು ಕಾದಿದೆಯಾ ಅಂತ ಬೆರಳು ಅದ್ದುವ ಅಭ್ಯಾಸ ನಮಗೆಲ್ಲಾ ಇದೆ. ಹಂಡೆಯ ಅಭ್ಯಾಸ ಅದು. ಸ್ವಿಚ್ ಆಫ್ ಮಾಡಿ, ಪ್ಲಗ್ಗು ಕಿತ್ತು, ಆಮೇಲೆ ಬೆರಳು ಹಾಕಿ. ಕಬ್ಬಿಣದ ಬಕೆಟ್ಟು ಬೇಡವೇ ಬೇಡ.

ಸುಣ್ಣ ಬಣ್ಣ ಬಳಿಯುವುದು ನಮ್ಮದೇ ಕೆಲಸ. ಶುರು ಮಾಡುವ ಮೊದಲು ಮೇನ್ ಆಫ್ ಮಾಡಿ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು. ಒದ್ದೆ ಬ್ರಷ್ಷು ಸ್ವಿಚ್ಚಿನ ಸಂದಿಗೆ ಹೋಗದಿರಲಿ. ಗೋಡೆ, ಬೋರ್ಡು ಪೂರ್ತಿ ಒಣಗಿದ ಮೇಲೆ ಮೇನ್ ಹಾಕಿ. ಬಲ್ಬು ಬದಲಾಯಿಸುವುದಕ್ಕೂ ಹೀಗೇ. ಬೋರ್ಡು ಬಿಚ್ಚುವುದು, ಹೊಸ ಪಾಯಿಂಟು ಎಳೆಯುವುದು ನಾವು ಮಾಡುವಂಥದ್ದಲ್ಲ. ಪಕ್ಕದ ಮನೆ ಹುಡುಗನೂ ಮಾಡುವಂಥದ್ದಲ್ಲ. ಸರ್ಕಾರದ ಲೈಸೆನ್ಸ್ ಇರುವವರಿಂದ ಮಾಡಿಸಿ.

ಬಟ್ಟೆ ಒಣಗಿಸುವ ತಂತಿ ನೋಡಿ. ಕಬ್ಬಿಣದ ತಂತಿಯನ್ನು ಕರೆಂಟು ಕಂಬಕ್ಕೋ, ಸರ್ವಿಸ್ ವೈರು ಬರುವ ಪೈಪಿಗೋ, ಶೀಟಿನ ಕಂಬಿಗೋ ಕಟ್ಟಿರುತ್ತೇವೆ. ಸರ್ವಿಸ್ ವೈರು ಗಾಳಿಗೆ ಉಜ್ಜಿ ಉಜ್ಜಿ ಸಿಪ್ಪೆ ಹೋದರೆ, ಆ ತಂತಿಗೂ ಕರೆಂಟು ಬರುತ್ತದೆ. ಕೈಯಲ್ಲಿ ಒದ್ದೆ ಸೀರೆ, ಕಾಲ ಕೆಳಗೆ ಒದ್ದೆ ನೆಲ. ಇದಕ್ಕಿಂತ ಕೆಟ್ಟ ಜೋಡಿ ಇಲ್ಲ. ಇವತ್ತೇ ಬಿಚ್ಚಿ. ಮೇನ್ ಆಫ್ ಮಾಡಿದರೂ ಸರ್ವಿಸ್ ವೈರಿನಲ್ಲಿ ಕರೆಂಟು ಇರುತ್ತದೆ. ಅದಕ್ಕೆ ಅದರ ಹತ್ತಿರ ಕಟ್ಟಿದ ತಂತಿಯನ್ನು ಲೈನ್‌ಮ್ಯಾನ್ ಕರೆದು ಬಿಚ್ಚಿಸಿ. ಆಮೇಲೆ ಎರಡು ಮರದ ಗೂಟ ನೆಟ್ಟು ಪ್ಲಾಸ್ಟಿಕ್ ಹಗ್ಗ ಕಟ್ಟಿಕೊಳ್ಳಿ.

ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡರೆ ಓಡಿಹೋಗಿ ಹಿಡಿಯಬೇಡಿ. ಹಿಡಿದರೆ ಇಬ್ಬರೂ ಹೋಗುತ್ತೀರಿ. ಮೇನ್ ಆಫ್ ಮಾಡಿ. ಮೇನ್ ಸಿಗದಿದ್ದರೆ ಒಣ ಹಲಗೆ ಮೇಲೆ ನಿಂತು, ಒಣ ಕೋಲಿನಿಂದ ವೈರನ್ನು ದೂರ ತಳ್ಳಿ. ಇದು ಮನೆಯ ವೈರಿಗೆ ಮಾತ್ರ. ಕಂಬದ ಲೈನ್ ಬಿದ್ದಿದ್ದರೆ ಹತ್ತಿರವೂ ಹೋಗಬೇಡಿ. ಬಿಡಿಸಿದ ಮೇಲೆ ಉಸಿರು ಇಲ್ಲದಿದ್ದರೆ, ಎದೆಯ ನಡುವೆ ಎರಡೂ ಅಂಗೈ ಇಟ್ಟು ಜೋರಾಗಿ ಒತ್ತಿ, ಬಿಡಿ. ಒಂದು ಸೆಕೆಂಡಿಗೆ ಸುಮಾರು ಎರಡು ಸಲ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಮಣ್ಣಿನಲ್ಲಿ ಹೂಳಿದರೆ ಕರೆಂಟು ಇಳಿಯುತ್ತದೆ ಅಂತ ಕೆಲವರು ಹೇಳುತ್ತಾರೆ. ಸುಳ್ಳು. ಕೈ ಬಿಟ್ಟ ಮೇಲೆ ಮೈಯಲ್ಲಿ ಕರೆಂಟು ಇರುವುದಿಲ್ಲ. ಹೂಳುತ್ತಾ ಕೂತರೆ ಇರುವ ಹೊತ್ತೂ ಹೋಗುತ್ತದೆ.

ಆಂಬುಲೆನ್ಸಿಗೆ 108. ಕರೆಂಟಿನ ದೂರಿಗೆ 1912. ನಮ್ಮ ಹಾಸನ ಜಿಲ್ಲೆಗೆ ಕರೆಂಟು ಕೊಡುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಹಳಬರು ಈಗಲೂ ಕೆಇಬಿ ಅನ್ನುತ್ತಾರೆ. ಮೀಟರಿನ ತನಕ ಜವಾಬ್ದಾರಿ ನಿಗಮದ್ದು. ಮೀಟರಿನಿಂದ ಈಚೆ ನಮ್ಮದು. ಈ ಎರಡು ನಂಬರನ್ನು ಮೇನ್ ಬೋರ್ಡಿನ ಪಕ್ಕ ದೊಡ್ಡದಾಗಿ ಬರೆದಿಡಿ. ಬಿಲ್ಲಿನಲ್ಲಿ ಇರುವ ಆರ್‌ಆರ್ ನಂಬರನ್ನೂ ಅದರ ಕೆಳಗೆ ಬರೆಯಿರಿ. 1912ಕ್ಕೆ ಫೋನ್ ಮಾಡಿದಾಗ ಅದನ್ನೇ ಕೇಳುತ್ತಾರೆ.