ಕಡಲು ಎಡಕ್ಕಿರಲಿ: ಮಂಗಳೂರಿನಿಂದ ಕಾರವಾರಕ್ಕೆ ಮನೆಮಂದಿಯೊಂದಿಗೆ ಕಾರು ಪ್ರಯಾಣ

ತಲಪಾಡಿಯಿಂದ ಮಾಜಾಳಿಯವರೆಗೆ ನಮ್ಮ ಕರಾವಳಿಯ ಉದ್ದ ಹೆಚ್ಚುಕಡಿಮೆ 300 ಕಿಲೋಮೀಟರ್. ರಾಷ್ಟ್ರೀಯ ಹೆದ್ದಾರಿ 66 ಇಷ್ಟು ಉದ್ದಕ್ಕೂ ಕಡಲಿನ ಪಕ್ಕದಲ್ಲೇ ಸಾಗುತ್ತದೆ. ಹಳಬರು ಇಂದಿಗೂ ಇದನ್ನು ಹಳೆಯ ಸಂಖ್ಯೆಯಲ್ಲಿ ಹದಿನೇಳು ಎಂದೇ ಕರೆಯುತ್ತಾರೆ. ಎಲ್ಲೂ ನಿಲ್ಲದೆ ಓಡಿಸಿದರೆ ಒಂದು ಹಗಲಿನಲ್ಲಿ ಮುಗಿಯುವ ದಾರಿ. ಯೋಜನೆ ಕೆಡುವುದು ಇಲ್ಲೇ. ದೂರ ಕಡಿಮೆ ಎಂದು ಮೊದಲ ದಿನಕ್ಕೆ ಉಡುಪಿ, ಮಲ್ಪೆ, ಕೊಲ್ಲೂರು, ಮರುದಿನಕ್ಕೆ ಮುರುಡೇಶ್ವರ, ಇಡಗುಂಜಿ, ಗೋಕರ್ಣ ಎಂದು ಪಟ್ಟಿ ಮಾಡಿಬಿಡುತ್ತೇವೆ. ಹಾಗೆ ಹೊರಟವರು ಮಟಮಟ ಮಧ್ಯಾಹ್ನ ಮರಳಿನ ಮೇಲೆ ನಿಂತಿರುತ್ತಾರೆ, ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಯಾವುದೋ ಟೋಲ್ ಗೇಟಿನ ಸಾಲಿನಲ್ಲಿರುತ್ತಾರೆ.

ಕರಾವಳಿಯ ಪ್ರವಾಸವನ್ನು ಊರುಗಳ ಲೆಕ್ಕದಲ್ಲಿ ಹಾಕಬಾರದು, ಹೊತ್ತಿನ ಲೆಕ್ಕದಲ್ಲಿ ಹಾಕಬೇಕು. ಮಕ್ಕಳು, ವಯಸ್ಸಾದವರು ಜೊತೆಗಿದ್ದಾಗ ಕಡಲ ತೀರ ಸುಖವಾಗಿರುವುದು ದಿನಕ್ಕೆ ಎರಡು ಬಾರಿ ಮಾತ್ರ: ಬೆಳಗಾದಾಗಿನಿಂದ ಒಂಬತ್ತೂವರೆಯವರೆಗೆ, ಮತ್ತೆ ನಾಲ್ಕು ಗಂಟೆಯ ನಂತರ. ನಡುವಿನ ಹೊತ್ತಿನಲ್ಲಿ ಮರಳು ಕಾದು ಅಂಗಾಲು ಸುಡುತ್ತದೆ, ಸೆಖೆಗೆ ಬೆವರು ಇಳಿಯುತ್ತಲೇ ಇರುತ್ತದೆ. ಆದ್ದರಿಂದ ಕಾರು ಓಡಿಸುವುದನ್ನು ಆ ನಡುಹಗಲಿಗೇ ಇಟ್ಟುಕೊಳ್ಳಿ. ಹತ್ತು ಗಂಟೆಗೆ ಕೋಣೆ ಬಿಟ್ಟು, ದಾರಿಯಲ್ಲಿ ಊಟ ಮಾಡಿ, ಮೂರರೊಳಗೆ ಮುಂದಿನ ಊರು ಸೇರಿ, ಒಂದು ಗಳಿಗೆ ಅಡ್ಡಾದರೆ ಸಂಜೆ ಪೂರ್ತಿ ಕಡಲಿಗೆ ಸಿಗುತ್ತದೆ. ಡಿಸೆಂಬರಿನಲ್ಲಿ ಆರು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ, ಏಪ್ರಿಲಿನಲ್ಲಿ ಆರೂಮುಕ್ಕಾಲರ ಆಸುಪಾಸು. ಈ ಲೆಕ್ಕಕ್ಕೆ ಹೊಂದುವುದು ದಿನಕ್ಕೆ ಹೆಚ್ಚೆಂದರೆ 100 ಕಿಲೋಮೀಟರ್. ಮಂಗಳೂರಿನಿಂದ ಉಡುಪಿ 60ರೊಳಗೆ, ಉಡುಪಿಯಿಂದ ಮುರುಡೇಶ್ವರ 100, ಅಲ್ಲಿಂದ ಗೋಕರ್ಣ 80, ಗೋಕರ್ಣದಿಂದ ಕಾರವಾರ 60. ಹೋಗಿಬರುವ ದಿನಗಳನ್ನು ಬಿಟ್ಟು ನಾಲ್ಕು ರಾತ್ರಿ ಬೇಕು. ಮೂರೇ ರಾತ್ರಿ ಇದ್ದರೆ ಕಾರವಾರ ಬಿಡಿ, ಓಟ ಹೆಚ್ಚಿಸಬೇಡಿ.

ಇನ್ನು ದಿಕ್ಕು. ಇದನ್ನು ಯೋಚಿಸುವವರು ಕಡಿಮೆ. ದಕ್ಷಿಣದಿಂದ ಉತ್ತರಕ್ಕೆ ಹೋದರೆ ಕಡಲು ಎಡಕ್ಕಿರುತ್ತದೆ. ನಾವು ವಾಹನ ಓಡಿಸುವುದೂ ರಸ್ತೆಯ ಎಡಕ್ಕೆ. ಮರವಂತೆಯಂಥ ಕಡೆ ಎಡಕ್ಕೆ ಸರಿದು ನಿಲ್ಲಿಸಿದರೆ ಸಾಕು, ಮಕ್ಕಳು ಎಡಬಾಗಿಲಿನಿಂದ ಇಳಿದು ನೇರ ಕಡಲ ಬದಿಗೇ ಕಾಲಿಡುತ್ತಾರೆ. ಉತ್ತರದಿಂದ ಬರುವವರು ಲಾರಿಗಳು ನುಗ್ಗುವ ಹೆದ್ದಾರಿಯನ್ನು ಮಕ್ಕಳ ಕೈ ಹಿಡಿದು ದಾಟಬೇಕು, ಇಲ್ಲವೇ ಡಿವೈಡರ್ ತೆರೆದಿರುವಲ್ಲಿ ತಿರುಗಿಸಿಕೊಂಡು ಬರಬೇಕು. ಬೆಂಗಳೂರು, ಮೈಸೂರು ಕಡೆಯವರು ಮಂಗಳೂರಿಗೆ ಇಳಿದು ಮೇಲಕ್ಕೆ ಸಾಗಿದರೆ ಇದು ತಾನಾಗಿಯೇ ಕೂಡಿಬರುತ್ತದೆ. ಹುಬ್ಬಳ್ಳಿ-ಧಾರವಾಡದವರು ಅರಬೈಲ್ ಘಟ್ಟ ಇಳಿದು ಅಂಕೋಲಾಕ್ಕೆ ಬರುವವರು. ಅವರು ಕೆಳಗೆ ಹೋಗುವಾಗ ನಿಲ್ಲದೆ ಹೋಗಿ, ನೋಡುವುದನ್ನೆಲ್ಲ ವಾಪಸಿನ ದಾರಿಗೆ ಇಟ್ಟುಕೊಳ್ಳುವುದು ಮೇಲು. ಮಧ್ಯಾಹ್ನದ ಬಿಸಿಲೂ ಎಡಗಡೆಯಿಂದಲೇ ಬೀಳುತ್ತದೆ, ಆ ಕಿಟಕಿಗೆ ಒಂದು ತೆಳು ಬಟ್ಟೆ ಕಟ್ಟಿಕೊಳ್ಳಿ.

ಕಾಲ ಯಾವುದು? ನವೆಂಬರಿನಿಂದ ಫೆಬ್ರವರಿ ಎಂದು ಎಲ್ಲರೂ ಹೇಳುತ್ತಾರೆ, ಸರಿಯೇ. ಆದರೆ ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗಿನ ವಾರ ಗೋಕರ್ಣ, ಮುರುಡೇಶ್ವರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಶಿವರಾತ್ರಿಗೆ ಗೋಕರ್ಣ, ಎರಡು ವರ್ಷಕ್ಕೊಮ್ಮೆ ಜನವರಿಯ ಪರ್ಯಾಯಕ್ಕೆ ಉಡುಪಿ ಇದೇ ಸ್ಥಿತಿ. ಉತ್ಸವ ನೋಡಲೆಂದೇ ಹೋಗುವುದಾದರೆ ಬೇರೆ ಮಾತು. ಶಾಲೆಗೆ ಹೋಗುವ ಮಕ್ಕಳಿದ್ದ ಮನೆಗೆ ನನ್ನ ಮತ ದಸರಾ ರಜೆಗೆ. ಮಳೆಗಾಲ ಮುಗಿದ ಹಸಿರು ಹಾಗೇ ಇರುತ್ತದೆ, ಗದ್ದೆಗಳಲ್ಲಿ ಭತ್ತ ತೂಗುತ್ತಿರುತ್ತದೆ, ಸಂಜೆ ಒಂದೆರಡು ಗುಡುಗುಮಳೆ ಬಂದರೂ ಸಹಿಸಬಹುದು. ಸಾಧ್ಯವಾದರೆ ಭಾನುವಾರ ಹೊರಟು ಗುರುವಾರಕ್ಕೆ ಮುಗಿಸಿ. ಶುಕ್ರವಾರ ರಾತ್ರಿ ಹೊರಡುವ ಜನ ಊರಿಗೆ ಮರಳುವಾಗ ನೀವು ಬಂದಿರುತ್ತೀರಿ, ಕೋಣೆಯ ಬಾಡಿಗೆಯಲ್ಲೂ ವ್ಯತ್ಯಾಸ ಕಾಣುತ್ತದೆ.

ಮಳೆಗಾಲದಲ್ಲಿ ಈ ದಾರಿಯ ಚೆಲುವೇ ಬೇರೆ, ನಿಜ. ಆದರೂ ಮಕ್ಕಳೊಂದಿಗಿನ ಮೊದಲ ಪ್ರವಾಸಕ್ಕೆ ಜೂನ್, ಜುಲೈ, ಆಗಸ್ಟ್ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು, ಚಹಾದಂಗಡಿಯ ಬಳಿ ನಿಂತಿದ್ದ ಜನ, ಲಾರಿಗಳು ಗಂಗಾವಳಿ ನದಿಯ ಪಾಲಾದವು. ಮರುತಿಂಗಳೇ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿತ್ತು. ಗುಡ್ಡವನ್ನು ನೆಟ್ಟಗೆ ಕಡಿದು ಮಾಡಿದ ರಸ್ತೆಯಲ್ಲಿ ನೀರು ಇಂಗಿದ ಮಣ್ಣು ಯಾವಾಗ ಜಾರುತ್ತದೆಂದು ಹೇಳಲಾಗದು. ಆ ತಿಂಗಳುಗಳಲ್ಲಿ ಹೋಗಲೇಬೇಕಾದರೆ ಹಳದಿ, ಕಿತ್ತಳೆ, ಕೆಂಪು ಎಂದು ಹವಾಮಾನ ಇಲಾಖೆ ಕೊಡುವ ಎಚ್ಚರಿಕೆಯನ್ನು ದಿನವೂ ನೋಡಿ, ಕಡಿದ ಗುಡ್ಡದ ಬುಡದಲ್ಲಿ ಚಹಾಕ್ಕೆಂದೂ ಕಾರು ನಿಲ್ಲಿಸಬೇಡಿ. ಸುದ್ದಿ ಕೇಳುವಾಗ ನೆನಪಿರಲಿ, ಈ ದಾರಿಯಲ್ಲಿ ಶಿರೂರು ಎರಡಿವೆ. ಟೋಲ್ ಗೇಟ್ ಇರುವುದು ಬೈಂದೂರು ಬಳಿಯ ಶಿರೂರಿನಲ್ಲಿ, ಗುಡ್ಡ ಕುಸಿದದ್ದು ಅಂಕೋಲಾದ ಶಿರೂರಿನಲ್ಲಿ.

ಕಡಲು ಕಾಣುವ ಮೊದಲು ಘಟ್ಟ ಇಳಿಯಬೇಕು. ಸಕಲೇಶಪುರದಿಂದ ಶಿರಾಡಿ, ಮೂಡಿಗೆರೆಯಿಂದ ಚಾರ್ಮಾಡಿ, ಮಡಿಕೇರಿಯಿಂದ ಸಂಪಾಜೆ, ತೀರ್ಥಹಳ್ಳಿಯಿಂದ ಆಗುಂಬೆ. ಆಗುಂಬೆಯ ತಿರುವುಗಳು ತೀರ ಬಿಗಿ, ಘಟ್ಟದಲ್ಲಿ ಓಡಿಸಿ ರೂಢಿಯಿಲ್ಲದವರಿಗೆ ಶಿರಾಡಿಯೇ ಹಗುರ. ಇಳಿಯುವಾಗ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಹೋದರೆ ಬ್ರೇಕು ಕಾದು ಹಿಡಿತ ಬಿಡುತ್ತದೆ. ಅದೇ ಏರನ್ನು ಹತ್ತುವಾಗ ಯಾವ ಗೇರ್ ಹಾಕುತ್ತೀರೋ ಇಳಿಯುವಾಗಲೂ ಅದೇ ಇರಲಿ. ಮಕ್ಕಳಿಗೆ ವಾಂತಿ ಬರುವುದು ಕಣ್ಣು ಒಂದು ಹೇಳಿ ಕಿವಿಯೊಳಗಿನ ಸಮತೋಲನದ ಅಂಗ ಇನ್ನೊಂದು ಹೇಳುವುದರಿಂದ. ಮೊಬೈಲ್ ನೋಡುತ್ತಿರುವ ಮಗುವಿನ ಕಣ್ಣಿಗೆ ಯಾವುದೂ ಅಲುಗುತ್ತಿಲ್ಲ, ಕಿವಿಗೋ ಪ್ರತಿ ತಿರುವೂ ತಿಳಿಯುತ್ತಿದೆ. ಮೊಬೈಲ್ ಕಸಿದುಕೊಂಡು ಮುಂದಿನ ರಸ್ತೆಯನ್ನು ನೋಡಲು ಹೇಳಿ, ಕಿಟಕಿ ಸ್ವಲ್ಪ ಇಳಿಸಿ. ಘಟ್ಟಕ್ಕೆ ಮೊದಲು ಎರಡು ಇಡ್ಲಿಯಷ್ಟು ಹಗುರ ತಿಂಡಿ ಸಾಕು, ಪೂರಿ ಬೇಡ. ಖಾಲಿ ಹೊಟ್ಟೆಯೂ ಬೇಡ. ವೈದ್ಯರು ಹೇಳಿದ ಮಾತ್ರೆಯಿದ್ದರೆ ಘಟ್ಟ ಶುರುವಾದ ಮೇಲಲ್ಲ, ಮೊದಲೇ ಕೊಡಬೇಕು. ಹಿಂದಿನ ಸೀಟಿನವರಿಗೂ ಬೆಲ್ಟ್ ಕಡ್ಡಾಯ. ಹದಿನಾಲ್ಕರೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿಲ್ಲದೆ ಕೂರಿಸಿದರೆ 1,000 ರೂಪಾಯಿ ದಂಡ. ಎದುರಿನ ಸೀಟಿನಲ್ಲಿ ತೊಡೆಯ ಮೇಲೆ ಮಗುವನ್ನು ಕೂರಿಸಿಕೊಳ್ಳುವ ಅಭ್ಯಾಸವನ್ನು ದಂಡಕ್ಕಲ್ಲ, ಮಗುವಿಗಾಗಿ ಬಿಡಿ.

ಬೆಂಗಳೂರಿನಿಂದ ಮಂಗಳೂರಿಗೆ 350 ಕಿಲೋಮೀಟರ್. ಆ ದಿನ ಕಡಲಿನ ಆಸೆ ಇಟ್ಟುಕೊಳ್ಳದೆ ತಲುಪಿ ಮಲಗುವುದಷ್ಟೇ ಕೆಲಸ ಎಂದುಕೊಂಡರೆ ಮನೆಯಲ್ಲಿ ಜಗಳ ಕಡಿಮೆ.

ಮರುದಿನದಿಂದ ದಾರಿ ನಿಧಾನ. ಪಡುಬಿದ್ರಿಯ ತೀರಕ್ಕೂ ಹೊನ್ನಾವರದ ಕಾಸರಕೋಡಿಗೂ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಮನೆಮಂದಿಗೆ ಇದರ ಅರ್ಥ ಶೌಚಾಲಯ, ಸ್ನಾನಕ್ಕೆ ಸಿಹಿನೀರು, ಬಟ್ಟೆ ಬದಲಿಸುವ ಕೋಣೆ, ಕಾವಲಿಗೆ ಜೀವರಕ್ಷಕರು. ಹೆಂಗಸರು, ಮಕ್ಕಳು ಜೊತೆಗಿರುವಾಗ ಇವೆಲ್ಲ ಸೂರ್ಯಾಸ್ತದಷ್ಟೇ ಮುಖ್ಯ. ಕಾಪುವಿನಲ್ಲಿ ಬಂಡೆಯ ಮೇಲೆ 1901ರ ದೀಪಸ್ತಂಭ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಿಬರಬಹುದು. ಲಾವಾ ತಣಿದು ಕಂಬಗಳಾಗಿ ಸೀಳಿಕೊಂಡ ಬಂಡೆಗಳನ್ನು ಮಕ್ಕಳು ಮುಟ್ಟಿ ನೋಡಬೇಕು. ಬೆಳಗಿನ ಮೊದಲ ದೋಣಿಗಳಲ್ಲೇ ಹೋಗಿ, ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ಮಲ್ಪೆಯ ಬಂದರಿನ ಪಕ್ಕದ ಸೇತುವೆ ದಾಟಿ ಪಡುಕೆರೆಗೆ ಹೋದರೆ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ತೆಂಗಿನ ತೋಟಗಳ ಕಿರಿದಾದ ದಾರಿ. ಹೆದ್ದಾರಿಯಲ್ಲಿ ಸಿಗದ ಕರಾವಳಿ ಇಲ್ಲಿದೆ, ನಿಧಾನಕ್ಕೆ ಹೋಗಿ, ಅದು ಜನ ಬದುಕುವ ಓಣಿ. ಕುಂದಾಪುರ ದಾಟಿದ ಮೇಲೆ ಮರವಂತೆ: ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಕಡಲ್ಕೊರೆತ ತಡೆಯಲು ಹಾಕಿದ ಬಂಡೆಗಳು ಪಾಚಿ ಹಿಡಿದಿರುತ್ತವೆ. ಅವುಗಳ ಮೇಲೆ ಹತ್ತಿ ಫೋಟೊ ಬೇಡ.

ನೀರಿಗಿಳಿಯುವ ಮಾತನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ತೀರಕ್ಕೆ ಬಂದ ತೆರೆಯ ನೀರೆಲ್ಲ ಹಿಂದಕ್ಕೆ ಹೋಗಲೇಬೇಕು. ನೀರಿನಡಿಯ ಮರಳದಿಣ್ಣೆಗಳ ನಡುವೆ ಎಲ್ಲಿ ತಗ್ಗು ಸಿಗುತ್ತದೋ ಅಲ್ಲಿ ಅದು ಒಟ್ಟಾಗಿ, ಕಾಲುವೆಯಂತೆ ಜೋರಾಗಿ ಒಳಗೆ ಹರಿಯುತ್ತದೆ. ಅಲ್ಲಿ ನೀರು ಆಳವಿರುವುದರಿಂದ ತೆರೆ ಒಡೆಯುವುದಿಲ್ಲ. ಎರಡೂ ಕಡೆ ಬಿಳಿ ನೊರೆ, ನಡುವೆ ಒಂದಿಷ್ಟು ಜಾಗ ಮಾತ್ರ ಶಾಂತ. ಈಜು ಬಾರದವರು ಹುಡುಕಿಕೊಂಡು ಹೋಗಿ ಇಳಿಯುವುದು ಆ ಶಾಂತ ಜಾಗಕ್ಕೇ. ತೀರ ಮುಟ್ಟಿದೊಡನೆ ಮಕ್ಕಳನ್ನು ಬಿಡದೆ ಹತ್ತು ನಿಮಿಷ ಎತ್ತರದಲ್ಲಿ ನಿಂತು ನೋಡಿ. ಕದಡಿದ ನೀರು, ನೊರೆ, ತೆಂಗಿನ ಸಿಪ್ಪೆ ಯಾವ ಕಡೆ ಕಡಲೊಳಗೆ ಸಾಗುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಸಿಕ್ಕಿಕೊಂಡವರು ದಡದ ಕಡೆ ಎದುರೀಜಿದರೆ ಸುಸ್ತಾಗಿ ಮುಳುಗುತ್ತಾರೆ. ತೇಲುತ್ತ ಕೈ ಎತ್ತಬೇಕು, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕು. ದಡದಲ್ಲಿರುವವರು ಹಿಂದೆಯೇ ಹಾರದೆ ಹಗ್ಗ, ಖಾಲಿ ಕ್ಯಾನು, ತೇಲುವಂಥದ್ದು ಏನಿದ್ದರೂ ಎಸೆಯಬೇಕು. ನಮ್ಮ ಕರಾವಳಿಯಲ್ಲಿ ಹೊಳೆಗಳು ಬಹಳ, ಅಳಿವೆಗಳೂ ಅಷ್ಟೇ. ಇಳಿತದ ಹೊತ್ತಿನಲ್ಲಿ ಅಳಿವೆಯ ಬಳಿ ಮೊಣಕಾಲು ನೀರೂ ಬೇಡ. ಉಬ್ಬರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಅದರ ಏರಿಳಿತ ಹೆಚ್ಚು. ಅಂದಂದಿನ ಹೊತ್ತನ್ನು ಅಲ್ಲಿನ ಮೀನುಗಾರರನ್ನು ಕೇಳಿದರೆ ಸರಿಯಾಗಿ ಹೇಳುತ್ತಾರೆ. ಮಳೆಗಾಲ ಮುಗಿದರೆ ಕಡಲು ಸೌಮ್ಯ ಎಂಬ ಧೈರ್ಯ ಸಲ್ಲದು. ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹೆಣ್ಣುಮಕ್ಕಳನ್ನು ನಾವು ಕಳೆದುಕೊಂಡದ್ದು 2024ರ ಡಿಸೆಂಬರಿನಲ್ಲಿ. ಜೀವರಕ್ಷಕರು ಸೀಟಿ ಊದಿದರೆ ವಾದ ಮಾಡದೆ ಹೊರಬನ್ನಿ.

ಮುರುಡೇಶ್ವರದಲ್ಲಿ 123 ಅಡಿಯ ಶಿವನ ಮೂರ್ತಿ, ಲಿಫ್ಟ್ ಇರುವ ರಾಜಗೋಪುರ. ಮೆಟ್ಟಿಲು ಹತ್ತಲಾರದ ಅಜ್ಜ-ಅಜ್ಜಿಯೂ ಅಲ್ಲಿಂದ ಕಡಲನ್ನು ಮೇಲಿನಿಂದ ನೋಡಬಹುದು. ಹೊನ್ನಾವರದ ಬಳಿ ಶರಾವತಿಯ ಕಾಂಡ್ಲಾ ಕಾಡಿನೊಳಗೆ ಮರದ ಹಲಗೆಯ ಕಾಲುದಾರಿ ಇದೆ, ನೆರಳೂ ಉಂಟು. ಕುಮಟಾ ದಾಟಿ ಮಿರ್ಜಾನ್ ಕೋಟೆ, ಆಮೇಲೆ ಗೋಕರ್ಣ. ಓಂ ಬೀಚಿಗೆ ಮೆಟ್ಟಿಲಿಳಿಯಬೇಕು, ಮಂಡಿನೋವಿನವರಿಗೆ ಊರಿನ ಮುಖ್ಯ ತೀರವೇ ಸಾಕು. ದೇವಸ್ಥಾನಗಳು ಮಧ್ಯಾಹ್ನದ ಪೂಜೆಯಾದ ಮೇಲೆ ಸಾಮಾನ್ಯವಾಗಿ ಬಾಗಿಲು ಹಾಕುತ್ತವೆ, ದರ್ಶನ ಬೆಳಿಗ್ಗೆ ಮುಗಿಸಿ. ಗಂಡಸರು ಅಂಗಿ ತೆಗೆಯಬೇಕಾದ ಕಡೆಗಳು ಹಲವು. ಪಂಚೆ, ಶಲ್ಯ ಚೀಲದ ಅಡಿಯಲ್ಲಿ ಹೂತುಹೋಗದೆ ಕೈಗೆ ಸಿಗುವಂತಿರಲಿ.

ಊಟದ ಚಿಂತೆ ಈ ದಾರಿಯಲ್ಲಿಲ್ಲ. ಬೆಳಿಗ್ಗೆ ಬನ್ಸ್, ನೀರುದೋಸೆ, ಮಧ್ಯಾಹ್ನ ಮಠ-ದೇವಸ್ಥಾನಗಳ ಅನ್ನಪ್ರಸಾದ ಅಥವಾ ಮೀನೂಟ, ಸಂಜೆ ಗೋಳಿಬಜೆ. ಹೊಟ್ಟೆ ಕೆಟ್ಟ ಮಗುವಿಗೆ ಕುಚ್ಚಲಕ್ಕಿ ಗಂಜಿ ಕೇಳಿದರೆ ಬಹಳಷ್ಟು ಕಡೆ ಮಾಡಿಕೊಡುತ್ತಾರೆ. ತಂಪುಪಾನೀಯದ ಬದಲು ಬೊಂಡ ಅಥವಾ ಪುನರ್ಪುಳಿಯ ಶರಬತ್ತು ಕೊಡಿಸಿ, ಉತ್ತರ ಕನ್ನಡಕ್ಕೆ ಹೋದರೆ ಅದನ್ನೇ ಕೋಕಂ ಎಂದು ಕೇಳಬೇಕು. ಮೀನಿಗೆಂದೇ ಹೋಗುವವರು ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಎಂಬುದನ್ನು ನೆನಪಿಡಿ. ಆಗ ತಾಜಾ ಸಿಗುವುದು ನಾಡದೋಣಿಯವರು ತಂದದ್ದಷ್ಟೇ.

ಕತ್ತಲಾದ ಮೇಲೆ ಹೆದ್ದಾರಿಗೆ ಇಳಿಯಬೇಡಿ. ದನಗಳು ಅಡ್ಡ ಬರುತ್ತವೆ, ಬೈಕುಗಳು ಎದುರಿನಿಂದ ತಪ್ಪು ಬದಿಯಲ್ಲಿ ಬರುತ್ತವೆ. ನವೆಂಬರಿನಿಂದ ಮೇವರೆಗೆ ಉಳಿದುಕೊಂಡ ಊರಿನ ಹತ್ತಿರ ಯಕ್ಷಗಾನ ಇದೆಯೇ ಎಂದು ವಿಚಾರಿಸಿ. ಹರಕೆಯಾಟಕ್ಕೆ ಟಿಕೆಟ್ ಇಲ್ಲ, ಹೋಗಿ ಕೂತರಾಯಿತು. ಬಣ್ಣದ ವೇಷ ಅಬ್ಬರಿಸುತ್ತ ರಂಗಕ್ಕೆ ಬರುವುದನ್ನು ಮಗು ಒಮ್ಮೆ ಕಾಣಲಿ.

ವಾಪಸಿಗೆ ಬೆಂಗಳೂರಿನವರು ಬಂದ ದಾರಿ ಹಿಡಿಯುವುದು ಬೇಡ. ಹೊನ್ನಾವರದಿಂದ ಗೇರುಸೊಪ್ಪೆ ಘಟ್ಟ ಹತ್ತಿ ಜೋಗ ನೋಡಿಕೊಂಡು ಸಾಗರ, ಶಿವಮೊಗ್ಗದ ಮೇಲೆ ಹೋಗಬಹುದು. ಕಾರವಾರದವರೆಗೆ ಹೋದವರಿಗೆ ಅಂಕೋಲಾ-ಯಲ್ಲಾಪುರ-ಹುಬ್ಬಳ್ಳಿ ದಾರಿ ದೂರ ಎನಿಸಿದರೂ ಓಟ ಸಲೀಸು. ಕಾರನ್ನು ಮರಳಿಗೆ ಇಳಿಸಿರದಿದ್ದರೂ ಉಪ್ಪುಗಾಳಿ ಕಬ್ಬಿಣವನ್ನು ಬಿಡುವುದಿಲ್ಲ. ಊರು ಸೇರಿದ ವಾರದೊಳಗೆ ಅಡಿಭಾಗಕ್ಕೂ ನೀರು ಹೊಡೆಸಿ ತೊಳೆಸಿ, ಕಾಲುಹಾಸುಗಳನ್ನು ತೆಗೆದು ಒಣಗಿಸಿ.