ನಕ್ಷತ್ರದ ನಡುವೆ ಖಾಲಿ ಏಕೆ?

ನಾಗಮಂಗಲದ ಸೌಮ್ಯಕೇಶವ ಗುಡಿ ನಿಂತಿರುವುದು ನಕ್ಷತ್ರಾಕಾರದ ಜಗಲಿಯ ಮೇಲೆ. ಶಾಲೆಯ ಭಿತ್ತಿಪತ್ರಕ್ಕೆ ಅಂಥದೇ ನಕ್ಷತ್ರ ಬೇಕೆಂದು ನನ್ನ ಮೊಮ್ಮಗಳು ಇಂಕ್‌ಸ್ಕೇಪ್‌ನಲ್ಲಿ ಎರಡು ಚೌಕಗಳನ್ನು ಓರೆಯಾಗಿ ಒಂದರ ಮೇಲೊಂದಿಟ್ಟು, ಒಂದೇ ಆಕಾರವಾಗಿ ಜೋಡಿಸಿ ಬಣ್ಣ ತುಂಬಿದಳು. ಎಂಟು ಮೂಲೆಗೂ ಬಣ್ಣ ಬಂತು, ನಡುವೆ ಮಾತ್ರ ಖಾಲಿ! "ಅಜ್ಜಿ, ನಾಳೆಯೇ ಪ್ರಿಂಟ್‌ಗೆ ಕೊಡಬೇಕು" ಎಂದು ಮುಖ ಸಣ್ಣದು ಮಾಡಿದಳು.

ಇದು ಲೆಕ್ಕದ ಆಟ. ಯಾವುದೇ ಜಾಗದಿಂದ ಹೊರಕ್ಕೆ ನೇರ ಗೆರೆ ಎಳೆದು, ದಾಟಿದ ಅಂಚುಗಳನ್ನು ಎಣಿಸಿ. ಬೆಸವಾದರೆ ಬಣ್ಣ, ಸಮವಾದರೆ ಖಾಲಿ. ನಡುವಿನಿಂದ ದಾಟುವ ಅಂಚು 2, ಅದಕ್ಕೇ ಖಾಲಿ.

ಇನ್ನೊಂದು ನಿಯಮ ಅಂಚು ಸುತ್ತಿದ ದಿಕ್ಕನ್ನೂ ನೋಡುತ್ತದೆ. ಎರಡೂ ಚೌಕ ಒಂದೇ ದಿಕ್ಕಿಗೆ ಸುತ್ತಿದ್ದರೆ 1+1=2, ಬಣ್ಣ ತುಂಬುತ್ತದೆ; ಎದುರುಬದುರಾದರೆ 1-1=0, ಖಾಲಿ. ಅವಳು ನಿಯಮ ಬದಲಿಸಿದಳು, ನಕ್ಷತ್ರ ತುಂಬಿತು.

ಮಕ್ಕಳೇ, ಅಜ್ಜಿ ಹಾಕುವ ರಂಗೋಲಿಯಲ್ಲೂ ಎಣಿಸಿ ನೋಡಿ!